ಒಂದು ಕೂಗು, ಹಲವು ಕಿವಿ: ಪೋರ್ಟೊ ರಿಕೊದ ಕೋಕೀ ಕಪ್ಪೆ

(ಮಲೆನಾಡಿನ ಒಂದು ಹೈಸ್ಕೂಲಿನಲ್ಲಿ, ಮಕ್ಕಳು ಮತ್ತು ಊರಿನವರ ಎದುರು ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಮಾತಿಗೆ ಮುಂಚೆ ಒಂದು ಸದ್ದು ಕೇಳಿಸಬೇಕು. ಆ ಫ್ಯಾನು ಒಂದು ನಿಮಿಷ ಆರಿಸಿ. ಕಣ್ಣು ಮುಚ್ಚಿಕೊಂಡರೆ ಇನ್ನೂ ಒಳ್ಳೆಯದು.

ಕೇಳಿತಲ್ಲ? ಕೋ-ಕೀ, ಕೋ-ಕೀ. ಹಿಂದಿನ ಬೆಂಚಿನಿಂದ ಯಾರೋ ‘ಹಕ್ಕಿ’ ಅಂದರು. ಹಕ್ಕಿಯಲ್ಲ, ಇದು ಕಪ್ಪೆ, ಮರಗಪ್ಪೆ. ಕೂಗುವ ಗಂಡಿನ ಉದ್ದ ಸುಮಾರು ಮೂರೂವರೆ ಸೆಂಟಿಮೀಟರು. ಹೆಣ್ಣು ಸ್ವಲ್ಪ ದೊಡ್ಡದು, ನಾಲ್ಕು ಸೆಂಟಿಮೀಟರು ಮುಟ್ಟುತ್ತದೆ. ಇಷ್ಟು ಪುಟ್ಟ ಜೀವದಿಂದ ಅರ್ಧ ಮೀಟರು ದೂರದಲ್ಲಿ ಅಳೆದರೆ 90 ಡೆಸಿಬೆಲ್‌ನಷ್ಟು ಸದ್ದು ಬರುತ್ತದೆ. ಅಡುಗೆಮನೆಯಲ್ಲಿ ಮಿಕ್ಸಿ ತಿರುಗುವಾಗ ಪಕ್ಕದಲ್ಲಿ ನಿಂತ ಹಾಗೆ.

ಇಲ್ಲಿ ಸಂಗೀತ ಕಲಿಯುವ ಮಕ್ಕಳಿದ್ದಾರೆ ಅಂತ ಹೆಡ್‌ಮಾಸ್ಟರು ಹೇಳಿದರು. ಅವರಿಗಾಗಿ ಇನ್ನೊಮ್ಮೆ ಹಾಕುತ್ತೇನೆ. ‘ಕೋ’ ಸುಮಾರು 1160 ಹರ್ಟ್ಸ್‌ನಲ್ಲಿ ನಿಲ್ಲುತ್ತದೆ. ‘ಕೀ’ ಕೆಳಗಿನಿಂದ ಜಾರಿಕೊಂಡು ಮೇಲೆ ಹೋಗಿ ಸುಮಾರು 2090ರ ಆಸುಪಾಸಿನಲ್ಲಿರುತ್ತದೆ. ಭಾಗಿಸಿ ನೋಡಿ, 1.8 ಪಟ್ಟು. ‘ಕೋ’ವನ್ನು ಷಡ್ಜ ಅಂತ ಹಿಡಿದರೆ ‘ಕೀ’ ಹೋಗಿ ಕೂರುವುದು ಕೈಶಿಕಿ ನಿಷಾದದ ಮೇಲೆ. ಮೇಲಿನ ಷಡ್ಜಕ್ಕೆ ಇನ್ನೊಂದೇ ಹೆಜ್ಜೆ ಬಾಕಿ. ಈ ಲೆಕ್ಕ ನಾನು ಮನೆಯಲ್ಲಿ ಕಾಗದದ ಮೇಲೆ ಹಾಕಿದ ದಿನ ಬಹಳ ಹೊತ್ತು ಆ ಎರಡು ಸ್ವರಗಳನ್ನೇ ಗುನುಗುತ್ತಾ ಕೂತಿದ್ದೆ.

ನಾನು ಆ ದ್ವೀಪಕ್ಕೆ ಹೋದವಳಲ್ಲ. ಧ್ವನಿಮುದ್ರಣ ಕೇಳಿ, ಅಲ್ಲಿ ರಾತ್ರಿಗಟ್ಟಲೆ ಕೂತು ಕೆಲಸ ಮಾಡಿದವರ ಬರಹ ಓದಿ ತಿಳಿದದ್ದನ್ನು ಹೇಳುತ್ತೇನೆ.

ದ್ವೀಪದ ಹೆಸರು ಪೋರ್ಟೊ ರಿಕೊ. ಕೆರಿಬಿಯನ್ ಸಮುದ್ರದಲ್ಲಿದೆ, ಅಮೆರಿಕದ ಆಡಳಿತಕ್ಕೆ ಸೇರಿದ್ದು, ಜನ ಮಾತಾಡುವುದು ಸ್ಪ್ಯಾನಿಷ್. ವಿಸ್ತೀರ್ಣದಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಗಿಂತ ತುಸು ದೊಡ್ಡದು. ಪೂರ್ವದ ತುದಿಯಲ್ಲಿ ಎಲ್ ಯುಂಕೆ ಅನ್ನುವ ಮಳೆಕಾಡು ಇದೆ. ಆಗುಂಬೆಯ ಮಳೆ ಅಲ್ಲಿಲ್ಲ, ಆದರೂ ಮೇಲಿನ ಶಿಖರಗಳಲ್ಲಿ ವರ್ಷಕ್ಕೆ 4000 ಮಿ.ಮೀ. ದಾಟುತ್ತದೆ. ಸಂಜೆ ಆರರ ಹೊತ್ತಿಗೆ ಆ ಕಾಡಿನಲ್ಲಿ ಈ ಕೂಗು ಏಳುತ್ತದೆ. ಕಾಡಿನಲ್ಲಷ್ಟೇ ಅಲ್ಲ, ಊರಿನ ತೋಟ, ಹಿತ್ತಲು, ಪೇಟೆಯ ಪಾರ್ಕು, ಎಲ್ಲ ಕಡೆ. ಅಲ್ಲಿನ ಮಕ್ಕಳು ತೊಟ್ಟಿಲಲ್ಲೇ ಇದನ್ನು ಕೇಳುತ್ತಾ ನಿದ್ದೆಹೋಗುತ್ತಾರೆ. ಕಪ್ಪೆಗೆ ಜನ ಇಟ್ಟ ಹೆಸರೂ ಅದರ ಕೂಗೇ: ಕೋಕೀ. 1966ರಲ್ಲಿ ರಿಚರ್ಡ್ ಥಾಮಸ್ ಅನ್ನುವ ವಿಜ್ಞಾನಿ ಇದಕ್ಕೆ ಶಾಸ್ತ್ರೀಯ ಹೆಸರು ಕೊಡುವಾಗಲೂ ಅದನ್ನೇ ಉಳಿಸಿಕೊಂಡರು: ಎಲ್ಯೂಥೆರೊಡ್ಯಾಕ್ಟಿಲಸ್ ಕೋಕೀ. ಮೊದಲ ಪದದ ಅರ್ಥ ‘ಬಿಡಿಬೆರಳು’. ಕೆರೆಗಪ್ಪೆಯ ಹಾಗೆ ಬೆರಳುಗಳ ನಡುವೆ ಜಾಲಪೊರೆ ಇಲ್ಲ, ತುದಿಯಲ್ಲಿ ಅಂಟಿಕೊಳ್ಳುವ ಪುಟ್ಟ ಬಿಲ್ಲೆಗಳಿವೆ. ಈಜಿಗೆ ಒಗ್ಗಿದ ಕಾಲಲ್ಲ, ಮರ ಹತ್ತುವ ಕಾಲು.

ಈಗ ಕೂಗಿಗೆ ಬರೋಣ. ನನ್ನನ್ನು ಈ ಕಪ್ಪೆಗೆ ಕಟ್ಟಿಹಾಕಿದ್ದು ಅದೇ.

ಎರಡು ಸ್ವರ ಯಾಕೆ? ಒಂದು ಸಾಲದೆ? 1976ರಲ್ಲಿ ಪೀಟರ್ ನಾರಿನ್ಸ್ ಮತ್ತು ರಾಬರ್ಟ್ ಕ್ಯಾಪ್ರಾನಿಕ ಎಂಬ ಇಬ್ಬರು ಇದಕ್ಕೆ ಉತ್ತರ ಪ್ರಕಟಿಸಿದರು. ಅವರು ಕೂಗನ್ನು ಎರಡು ತುಂಡು ಮಾಡಿದರು. ಬರೀ ‘ಕೋ’, ಬರೀ ‘ಕೀ’. ಸ್ಪೀಕರಿನಲ್ಲಿ ಹಾಕಿ ಕಾದರು. ‘ಕೋ’ ಕೇಳಿದ ಗಂಡು ಕೆರಳಿತು. ತನ್ನ ಕೂಗಿನಿಂದ ‘ಕೀ’ಯನ್ನೇ ಬಿಟ್ಟು ‘ಕೋ ಕೋ ಕೋ’ ಅಂತ ತಿರುಗಿಬಿತ್ತು. ‘ಇದು ನನ್ನ ಜಾಗ, ಆಚೆ ಹೋಗು’ ಅನ್ನುವ ಮಾತದು. ‘ಕೀ’ ಹಾಕಿದಾಗ ಹೆಣ್ಣು ಸ್ಪೀಕರಿನ ಕಡೆಗೆ ಬಂತು. ಅಂದರೆ ಒಂದೇ ಉಸಿರಿನಲ್ಲಿ ಈ ಕಪ್ಪೆ ಇಬ್ಬರಿಗೆ ಎರಡು ಮಾತು ಹೇಳುತ್ತಿದೆ. ಪಕ್ಕದ ಗಂಡಿಗೆ ಗದರಿಕೆ, ಎಲ್ಲೋ ಇರುವ ಹೆಣ್ಣಿಗೆ ಕರೆ.

ಅವರು ಅಲ್ಲಿಗೇ ನಿಲ್ಲಲಿಲ್ಲ. ಕಪ್ಪೆಯ ಕಿವಿಯಿಂದ ಮಿದುಳಿಗೆ ಹೋಗುವ ನರದ ಎಳೆಗಳನ್ನು ಪರೀಕ್ಷಿಸಿದರು. ಗಂಡಿನ ಕಿವಿ ‘ಕೋ’ಗೆ ಚುರುಕು, ಹೆಣ್ಣಿನ ಕಿವಿ ‘ಕೀ’ಗೆ ಚುರುಕು. ಒಂದೇ ಜಾತಿಯ ಕಪ್ಪೆಗಳು, ಒಂದೇ ಕೊಂಬೆ, ಒಂದೇ ರಾತ್ರಿ. ಆದರೂ ಗಂಡು ಕೇಳುವ ಕಾಡು ಬೇರೆ, ಹೆಣ್ಣು ಕೇಳುವ ಕಾಡು ಬೇರೆ. ಶ್ರುತಿ ಕೂಡಿಸಿದ ತಂಬೂರಿಯಲ್ಲಿ ಒಂದೊಂದು ತಂತಿಯೂ ತನ್ನ ಸ್ವರಕ್ಕೇ ಮಿಡಿಯುವ ಹಾಗೆ ಈ ಕಿವಿಗಳು. ಕೂಗಿದವನು ಏನು ಕೂಗಿದ ಅನ್ನುವುದರಷ್ಟೇ ಕೇಳಿದವರು ಯಾರು ಅನ್ನುವುದೂ ಮುಖ್ಯ. ಇವತ್ತಿನ ಮಾತಿನ ಉದ್ದಕ್ಕೂ ಇದೊಂದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಹೆಣ್ಣು ಬಂದಳು ಅಂದುಕೊಳ್ಳಿ. ಗಂಡು ಅವಳನ್ನು ತಾನು ನೋಡಿಟ್ಟ ಜಾಗಕ್ಕೆ ಕರೆದೊಯ್ಯುತ್ತದೆ. ಕೆರೆಗಲ್ಲ, ಹಳ್ಳಕ್ಕೂ ಅಲ್ಲ. ನೆಲಕ್ಕೆ ಬಿದ್ದು ಒಣಗಿ ಸುರುಳಿ ಸುತ್ತಿಕೊಂಡ ಎಲೆಯೊಳಗೆ. ಎಲ್ ಯುಂಕೆಯಲ್ಲಿ ಸಿಯೆರಾ ಅನ್ನುವ ತಾಳೆ ಜಾತಿಯ ಮರ ಬಹಳ. ನಮ್ಮ ತೋಟದಲ್ಲಿ ಅಡಿಕೆ ಹಾಳೆ ಬಿದ್ದು ಎರಡು ದಿನ ಬಿಸಿಲಿಗೆ ಮುದುರಿಕೊಂಡರೆ ಒಳಗೊಂದು ಕತ್ತಲ ಗೂಡಾಗುತ್ತದಲ್ಲ, ಅಲ್ಲಿಯೂ ಹಾಗೆಯೇ. ಆ ಗೂಡಿನೊಳಗೆ ಹೆಣ್ಣು ಸುಮಾರು 28 ಮೊಟ್ಟೆ ಇಡುತ್ತದೆ. ಇಟ್ಟು ಹೊರಟುಹೋಗುತ್ತದೆ. ಮೊಟ್ಟೆ ಕಾಯುವವನು ಅಪ್ಪ.

ಈ ಅಪ್ಪನನ್ನು ಹತ್ತಿರದಿಂದ ನೋಡೋಣ. ಮುದುರಿದ ಎಲೆಯೊಳಗೆ, ಮೊಟ್ಟೆಯ ರಾಶಿಯ ಮೇಲೆ ಹೊಟ್ಟೆ ಒತ್ತಿ, ಕೈಕಾಲು ಚಾಚಿ ಮಲಗಿರುತ್ತಾನೆ. ಮೊಟ್ಟೆಗೆ ಗಟ್ಟಿ ಚಿಪ್ಪಿಲ್ಲ, ಪಾರದರ್ಶಕ ಲೋಳೆಯ ಗುಂಡು, ಗಾಳಿ ತಾಗಿದರೆ ಒಣಗುತ್ತದೆ. ಅಪ್ಪನ ಚರ್ಮದ ತೇವ ಮೊಟ್ಟೆಗೆ ಇಳಿಯುತ್ತದೆ. ಹಗಲಲ್ಲಿ ಹೆಚ್ಚುಕಡಿಮೆ ಇಡೀ ಹೊತ್ತು, ರಾತ್ರಿಯಲ್ಲಿ ಮುಕ್ಕಾಲು ಹೊತ್ತು ಅವನು ಅಲ್ಲೇ. ಡೇನಿಯಲ್ ಟೌನ್‌ಸೆಂಡ್, ಮಾರ್ಗರೆಟ್ ಸ್ಟೂವರ್ಟ್ ಮತ್ತು ಹಾರ್ವಿ ಪೋ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವು ಗೂಡುಗಳಿಂದ ಅಪ್ಪನನ್ನು ಎತ್ತಿಬಿಟ್ಟು ನೋಡಿದರು. ಮೊಟ್ಟೆಗಳು ಒಣಗಿದವು. ಒಣಗದೆ ಉಳಿದವುಗಳಲ್ಲಿ ಕೆಲವನ್ನು ಬೇರೆ ಕೋಕೀಗಳೇ ಬಂದು ತಿಂದವು. ಅಪ್ಪ ಕೂತಿರುವುದು ಸುಮ್ಮನೆ ಅಲ್ಲ.

ಎರಡೂವರೆಯಿಂದ ಮೂರೂವರೆ ವಾರ ಹೀಗೆ. ಆಮೇಲೆ ಮೊಟ್ಟೆಯಿಂದ ಹೊರಬರುವುದು ಗೊದಮೊಟ್ಟೆ ಅಲ್ಲ! ಏಳನೇ ಕ್ಲಾಸಿನ ಮಕ್ಕಳು ‘ಮೊಟ್ಟೆ, ಗೊದಮೊಟ್ಟೆ, ಕಪ್ಪೆ’ ಅಂತ ಚಿತ್ರ ಬರೆದು ಬಾಣ ಹಾಕಿರುತ್ತೀರಿ. ಕೋಕೀಗೆ ಆ ಮಧ್ಯದ ಚಿತ್ರ ಮೊಟ್ಟೆಯೊಳಗೇ ಮುಗಿದುಹೋಗುತ್ತದೆ. ಬಾಯಿಯ ತುದಿಯಲ್ಲಿ ಹಕ್ಕಿಮರಿಗೆ ಇರುವ ಹಾಗೆ ಒಂದು ಚೂಪು, ಅದರಿಂದ ಪೊರೆ ಸೀಳಿಕೊಂಡು ನಾಲ್ಕು ಕಾಲಿನ ಪೂರ್ತಿ ಕಪ್ಪೆಯೇ ಈಚೆ ಬರುತ್ತದೆ. ಬಾಲದ ಮೊಳಕೆ ಇನ್ನೂ ಸ್ವಲ್ಪ ಉಳಿದಿರಬಹುದು, ಅಷ್ಟೇ.

ಇದು ದೂರದ ದೇಶದ ಸೋಜಿಗ ಅಂದುಕೊಳ್ಳಬೇಡಿ. ಮಳೆಗಾಲದ ರಾತ್ರಿ ನಿಮ್ಮ ಕಾಫಿ ಗಿಡದ ಮೇಲೆ, ಏಲಕ್ಕಿ ಎಲೆಯ ಮೇಲೆ ಟಿಕ್ ಟಿಕ್ ಅನ್ನುವ ಪೊದೆಗಪ್ಪೆಗಳಿವೆಯಲ್ಲ, ಅವಕ್ಕೂ ಗೊದಮೊಟ್ಟೆ ಇಲ್ಲ. ಆ ಕಪ್ಪೆಗಳ ಕುಲಕ್ಕೆ 2010ರಲ್ಲಿ ‘ರಾವೊರ್ಕೆಸ್ಟಿಸ್’ ಅಂತ ಹೆಸರಿಟ್ಟರು. ಅದರಲ್ಲಿನ ‘ರಾವ್’ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಸಿ.ಆರ್. ನಾರಾಯಣ ರಾವ್. ಕೋಕೀಗೂ ಇವಕ್ಕೂ ಹತ್ತಿರದ ನೆಂಟಸ್ತಿಕೆ ಏನೂ ಇಲ್ಲ. ಎರಡೂ ಬೇರೆ ಬೇರೆಯಾಗಿ ಕೆರೆಯ ಋಣ ಹರಿದುಕೊಂಡವು. ನೀರು ಹುಡುಕಿ ಹೋಗಬೇಕಿಲ್ಲ, ತೇವ ಒಂದಿದ್ದರೆ ಸಾಕು. ಈ ಮಾತು ನೆನಪಿರಲಿ, ಹವಾಯಿಯ ಕಥೆ ಹೇಳುವಾಗ ಬೇಕಾಗುತ್ತದೆ.

ರಾತ್ರಿಯಲ್ಲಿ ಈ ಕಪ್ಪೆ ಮಾಡುವ ಪ್ರಯಾಣ ಇನ್ನೊಂದು. ಮಳೆ ಬಿದ್ದ ಸಂಜೆ ಕೋಕೀಗಳು ಮರದ ಬುಡದಿಂದ ಹತ್ತಲು ಶುರುಮಾಡುತ್ತವೆ, ನೆತ್ತಿಯವರೆಗೂ ಹೋಗುತ್ತವೆ. ಅಲ್ಲಿ ಹುಳುಹುಪ್ಪಟೆ ತಿನ್ನುತ್ತವೆ. ಬೆಳಗಾಗುವ ಮುಂಚೆ ಕೆಳಗಿನ ತಂಪಿಗೆ ವಾಪಸಾಗಬೇಕು. ಆದರೆ ಕಾಂಡದ ಮೇಲೆ ಕಪ್ಪೆ ಹಿಡಿಯುವ ದೊಡ್ಡ ಜೇಡಗಳು ಹೊಂಚು ಹಾಕಿ ಕೂತಿರುತ್ತವೆ. ಅದಕ್ಕೆ ಕೋಕೀ ಇಳಿಯುವುದಿಲ್ಲ, ಹಾರುತ್ತದೆ. ಕೈಕಾಲು ನಾಲ್ಕನ್ನೂ ಅಗಲಕ್ಕೆ ಚಾಚಿ, ಮೈ ಚಪ್ಪಟೆ ಮಾಡಿ, ನೆತ್ತಿಯಿಂದ ನೆಲಕ್ಕೆ. ಮಾರ್ಗರೆಟ್ ಸ್ಟೂವರ್ಟ್ 1985ರಲ್ಲಿ ಇದನ್ನು ಬರೆದಾಗ ‘ಪ್ಯಾರಾಚೂಟ್’ ಅನ್ನುವ ಮಾತನ್ನೇ ಬಳಸಿದರು. ನಸುಕಿನ ಕತ್ತಲಲ್ಲಿ ಕಾಡಿನ ತುಂಬ ಪುಟ್ಟ ಪುಟ್ಟ ಕಪ್ಪೆಗಳು ತಪತಪ ಅಂತ ತರಗೆಲೆಯ ಮೇಲೆ ಉದುರುವುದನ್ನು ಊಹಿಸಿಕೊಳ್ಳಿ.

ಎಷ್ಟು ಕಪ್ಪೆ ಇರಬಹುದು? ಎಲ್ ಯುಂಕೆಯಲ್ಲಿ ಹೆಕ್ಟೇರಿಗೆ ಸರಾಸರಿ 20,000 ಅಂತ ಲೆಕ್ಕ. ನಮ್ಮ ಅಳತೆಯಲ್ಲಿ ಎಕರೆಗೆ 8,000. ಅವು ಒಂದು ರಾತ್ರಿಗೆ ಒಂದು ಹೆಕ್ಟೇರಿನಲ್ಲಿ 1,14,000 ಹುಳುಗಳನ್ನು ತಿನ್ನುತ್ತವೆ ಎಂದು ಅದೇ ಸ್ಟೂವರ್ಟ್ ಮತ್ತು ಅವರ ಜೊತೆಗಾರರು ಅಂದಾಜು ಮಾಡಿದ್ದಾರೆ. ಇಷ್ಟಾಗಿಯೂ ಅವುಗಳ ಸಂಖ್ಯೆಗೆ ಮಿತಿ ಹಾಕಿದ್ದು ಹೊಟ್ಟೆಯಲ್ಲ, ಮನೆ. ಸ್ಟೂವರ್ಟ್ ಮತ್ತು ಪೋ ಕಾಡಿನ ಕೆಲವು ತಾಕುಗಳಲ್ಲಿ ಬಿದಿರಿನ ತುಂಡುಗಳನ್ನು ಕಟ್ಟಿ ನೋಡಿದರು. ಹಗಲಿಗೆ ಅಡಗಲು, ಮೊಟ್ಟೆಯಿಡಲು ಜಾಗ ಹೆಚ್ಚಾದದ್ದೇ ತಡ, ಆ ತಾಕುಗಳಲ್ಲಿ ಕಪ್ಪೆಗಳು ಹೆಚ್ಚಿದವು. 1989ರ ಸೆಪ್ಟೆಂಬರಿನಲ್ಲಿ ಹ್ಯೂಗೊ ಚಂಡಮಾರುತ ಕಾಡನ್ನು ಬೋಳು ಮಾಡಿದಾಗಲೂ ಹೀಗೇ ಆಯಿತು. ಮೊದಲ ಪೆಟ್ಟು ತಿಂದರೂ, ಬಿದ್ದ ಎಲೆ ಕೊಂಬೆಗಳ ರಾಶಿ ಕೋಕೀಗೆ ಮನೆಯಾಯಿತು.

ಈ ತಡೆದುಕೊಳ್ಳುವ ಗುಣವೇ ಅದನ್ನು ಉಳಿಸಿದೆ. ಕಬ್ಬು, ತಂಬಾಕು, ಕಾಫಿ ಅಂತ ಕಡಿದು ಕಡಿದು 1940ರ ದಶಕದ ಹೊತ್ತಿಗೆ ಪೋರ್ಟೊ ರಿಕೊದಲ್ಲಿ ನೂರಕ್ಕೆ ಆರರಷ್ಟು ನೆಲದಲ್ಲಿ ಮಾತ್ರ ಕಾಡು ಉಳಿದಿತ್ತು. ಆಮೇಲೆ ಜನ ಬೇಸಾಯ ಬಿಟ್ಟು ಪೇಟೆಗೆ ಹೋದರು, ಪಾಳುಬಿದ್ದ ಹೊಲಗಳಲ್ಲಿ ಮತ್ತೆ ಮರ ಬೆಳೆಯಿತು. ಆ ಎಳೆಯ ಕಾಡಿಗೆ ಕೂಗು ಹಿಂತಿರುಗಿತು. ನೆರಳಿನ ಕಾಫಿ ತೋಟವಂತೂ ಅದಕ್ಕೆ ಕಾಡಿನಷ್ಟೇ ಒಗ್ಗುತ್ತದೆ.

ಪೋರ್ಟೊ ರಿಕೊದವರು ತಾವು ಯಾರೆಂದು ಹೇಳಿಕೊಳ್ಳಲು ಒಂದು ಮಾತು ಬಳಸುತ್ತಾರೆ: ‘ಸೋಯ್ ದೆ ಆಕೀ, ಕೋಮೊ ಎಲ್ ಕೋಕೀ.’ ನಾನು ಇಲ್ಲಿಯವನು, ಕೋಕೀಯ ಹಾಗೆ. ಪ್ರಾಸ ಗಮನಿಸಿ, ಆಕೀ, ಕೋಕೀ. ‘ಇಲ್ಲಿ’ ಅನ್ನುವ ಪದವೇ ಕಪ್ಪೆಯ ಹೆಸರಿನ ತುದಿಯಲ್ಲಿ ಕೂತಿದೆ. ಜೊತೆಗೆ ಒಂದು ನಂಬಿಕೆಯೂ ಇತ್ತು. ದ್ವೀಪ ಬಿಡಿಸಿ ಬೇರೆ ಕಡೆ ಒಯ್ದರೆ ಕೋಕೀ ಕೂಗುವುದಿಲ್ಲ, ಕೊರಗಿ ಸಾಯುತ್ತದೆ ಅಂತ.

ಕೂಗಿತು.

1980ರ ದಶಕದ ಕೊನೆಯ ಹೊತ್ತಿಗೆ, ನರ್ಸರಿ ಗಿಡಗಳ ಜೊತೆ, ಕುಂಡದ ಒದ್ದೆ ಮಣ್ಣಿನಲ್ಲೋ ಎಲೆಯ ಸಂದಿನಲ್ಲೋ ಕೂತು ಕೋಕೀ ಪೆಸಿಫಿಕ್ ಸಾಗರದ ಹವಾಯಿ ದ್ವೀಪಗಳಿಗೆ ಬಂತು. ಗೊದಮೊಟ್ಟೆಯ ಕಪ್ಪೆಯಾಗಿದ್ದರೆ ಅಲ್ಲಿಳಿದು ಕೆರೆ ಹುಡುಕಬೇಕಿತ್ತು. ಇದಕ್ಕೆ ಕುಂಡದ ತೇವವೇ ಸಾಕಾಯಿತು. ಹವಾಯಿಯಲ್ಲಿ ಮೂಲತಃ ಒಂದೇ ಒಂದು ಕಪ್ಪೆ ಇರಲಿಲ್ಲ. ಮೂಲ ನೆಲಹಾವೂ ಇಲ್ಲ. ಪೋರ್ಟೊ ರಿಕೊದಲ್ಲಿ ಗೂಬೆ, ಹಾವು, ಜೇಡ ಎಲ್ಲ ಸೇರಿ ಇದರ ಲೆಕ್ಕ ತೂಗಿಸುತ್ತಿದ್ದವು. ಇಲ್ಲಿ ಕೇಳುವವರಿಲ್ಲ. ಹಿಲೋ ಪಟ್ಟಣದ ಸುತ್ತಿನ ಮಳೆಕಾಡುಗಳಲ್ಲಿ ಕೆಲವು ಕಡೆ ಹೆಕ್ಟೇರಿಗೆ 90,000ದ ಸಮೀಪ ಮುಟ್ಟಿತು. ತವರಿನ ಸರಾಸರಿಯ ನಾಲ್ಕು ಪಟ್ಟಿಗಿಂತಲೂ ಹೆಚ್ಚು.

ಕಪ್ಪೆಯ ಕೂಗೇ ಗೊತ್ತಿಲ್ಲದ ಊರಿನ ರಾತ್ರಿಯನ್ನು ಯೋಚಿಸಿ. ಅಲೆ, ಗಾಳಿ, ಮಳೆ, ಕೆಲವು ಹುಳುಗಳು. ಅಂಥ ಊರಿನ ಕಿಟಕಿಯಾಚೆ ಸಂಜೆಯಿಂದ ಬೆಳಗಿನವರೆಗೆ ಸಾವಿರಾರು ಕೋಕೀ. ಜನಕ್ಕೆ ನಿದ್ದೆ ಹೋಯಿತು. ಸಿಟ್ರಿಕ್ ಆಮ್ಲವನ್ನು ನೀರಲ್ಲಿ ಕರಗಿಸಿ ಗಿಡಗಳ ಮೇಲೆ ಸಿಂಪಡಿಸಿದರು, ಸುಣ್ಣ ಎರಚಿದರು, ಮಾರಾಟಕ್ಕೆ ಬಂದ ಗಿಡಗಳ ಮೇಲೆ ಬಿಸಿನೀರು ಹಾಯಿಸಿದರು. ಓಆಹು ದ್ವೀಪದಲ್ಲಿ ನೆಲೆ ಊರಿದ್ದ ಒಂದು ಗುಂಪನ್ನು ಪೂರ್ತಿ ತೆಗೆಯಲು ಸಾಧ್ಯವಾಯಿತು. ಹಿಲೋ ಇರುವ ದೊಡ್ಡ ದ್ವೀಪದಲ್ಲಿ ಅದು ಕೈಮೀರಿ ಹೋಗಿದೆ.

ಇಲ್ಲಿ ಪಕ್ಷ ವಹಿಸುವುದು ನನಗೆ ಕಷ್ಟ. ಕೋಕೀ ಮೇಲೆ ನನಗೆ ಪ್ರೀತಿಯಿದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಹವಾಯಿಯ ಕಾಡಿನ ಕೀಟಗಳಲ್ಲಿ ಬಹಳಷ್ಟು ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲದವು. ರಾತ್ರಿ ಹಸಿದ ಕಪ್ಪೆಗಳ ಸೈನ್ಯವನ್ನು ಅವು ಎಂದೂ ಕಂಡಿರಲಿಲ್ಲ. ಅಲ್ಲಿ ಅದನ್ನು ತೆಗೆಯಲು ಹೆಣಗುವವರು ತಪ್ಪು ಮಾಡುತ್ತಿಲ್ಲ ಅಂತಲೇ ನನ್ನ ಅಭಿಪ್ರಾಯ. ಕಪ್ಪೆಯೂ ತಪ್ಪು ಮಾಡಿಲ್ಲ. ಕುಂಡವನ್ನು ಹಡಗು ಹತ್ತಿಸಿದ್ದು ಮನುಷ್ಯ.

ಈ ಕಥೆಯಲ್ಲಿ ನನ್ನ ಮನಸ್ಸಿಗೆ ತಟ್ಟಿದ್ದು ಇನ್ನೊಂದಿದೆ. 1899ರ ಆಗಸ್ಟಿನಲ್ಲಿ ಸಾನ್ ಸಿರಿಯಾಕೊ ಅನ್ನುವ ಚಂಡಮಾರುತ ಪೋರ್ಟೊ ರಿಕೊವನ್ನು ನೆಲಸಮ ಮಾಡಿತು. ಕಾಫಿ ತೋಟಗಳು ಹೋದವು, ಕೂಲಿ ಹೋಯಿತು. ಮರುವರ್ಷದಿಂದ ಸುಮಾರು 5,000 ಜನ ಹವಾಯಿಯ ಕಬ್ಬಿನ ತೋಟಗಳಿಗೆ ಕೆಲಸ ಹುಡುಕಿಕೊಂಡು ಹಡಗು ಹತ್ತಿದರು. ಅವರು ಅಲ್ಲೇ ಉಳಿದರು, ಮಕ್ಕಳು ಮೊಮ್ಮಕ್ಕಳಾದರು. ಅಪ್ಪ ಅಮ್ಮ ಹೇಳುತ್ತಿದ್ದ ಕೋಕೀಯ ಕೂಗನ್ನು ಆ ಮಕ್ಕಳು ಕೇಳಿರಲಿಲ್ಲ. ಹೆಚ್ಚುಕಡಿಮೆ ತೊಂಬತ್ತು ವರ್ಷ ಕಳೆದ ಮೇಲೆ ಯಾರೂ ಕರೆಯದೆ ಅದೇ ಕೂಗು ಅವರ ಕಿಟಕಿಯಾಚೆ ಎದ್ದಿತು. ನೆರೆಮನೆಯವರು ಕಿವಿ ಮುಚ್ಚಿಕೊಂಡ ರಾತ್ರಿ ಆ ಮನೆಯ ಮುದುಕಿಯೊಬ್ಬಳು ಏನು ಕೇಳಿರಬಹುದು ಅಂತ ನಾನು ಆಗಾಗ ಯೋಚಿಸುತ್ತೇನೆ.

ತವರಿಗೆ ವಾಪಸು ಬರೋಣ. ಪೀಟರ್ ನಾರಿನ್ಸ್ 1980ರ ದಶಕದ ಮೊದಲಲ್ಲಿ ಎಲ್ ಯುಂಕೆಯ ಬೆಟ್ಟರಸ್ತೆಯ ಉದ್ದಕ್ಕೂ, ಬುಡದಿಂದ ಮೇಲಿನವರೆಗೆ ನಿಂತು ನಿಂತು ಕೋಕೀಗಳ ಕೂಗು ಮುದ್ರಿಸಿಕೊಂಡಿದ್ದರು. ಬೆಟ್ಟದ ಮೇಲೆ ಹೋದಷ್ಟೂ ತಂಪು, ಕಪ್ಪೆ ದೊಡ್ಡದು, ಸ್ವರ ತಗ್ಗು, ಕೂಗು ಉದ್ದ. ಕೆಳಗೆ ಬಂದಷ್ಟೂ ಇದಕ್ಕೆ ಉಲ್ಟಾ. 23 ವರ್ಷ ಬಿಟ್ಟು ಅದೇ ರಸ್ತೆಯಲ್ಲಿ ಮತ್ತೆ ಮುದ್ರಿಸಿದರು. ಅಷ್ಟೇ ಎತ್ತರದಲ್ಲಿ ಈಗ ಕಪ್ಪೆ ಚಿಕ್ಕದು, ಸ್ವರ ಏರಿದೆ, ಕೂಗು ಗಿಡ್ಡವಾಗಿದೆ. ಬೆಟ್ಟದ ಬುಡದ ಶ್ರುತಿ ಮೇಲಕ್ಕೆ ಹತ್ತುತ್ತಿದೆ ಅನ್ನಬಹುದು. ಕಾಡು ಬಿಸಿಯಾಗುತ್ತಿರುವುದಕ್ಕೆ ಇದು ಹೊಂದುತ್ತದೆ ಎಂದು ಅವರು 2014ರಲ್ಲಿ ಬರೆದರು. ಹೆಣ್ಣಿನ ಕಿವಿಯೂ ಸ್ವರದ ಜೊತೆಗೇ ಬದಲಾಗಬೇಕು, ಇಲ್ಲದಿದ್ದರೆ ಕರೆದದ್ದು ಕೇಳದೆ ಹೋದೀತು.

ಕೋಕೀ ಎಷ್ಟು ಜೋರಾಗಿ ಕೂಗುತ್ತದೆಂದರೆ ಕಾಡಿನಲ್ಲಿ ಎಲ್ಲ ಸರಿಯಿದೆ ಅಂತ ಅನ್ನಿಸಿಬಿಡುತ್ತದೆ. ಅದರ ಒಡಹುಟ್ಟಿದವರಂಥ ಕಪ್ಪೆಗಳು ಆ ದ್ವೀಪದಲ್ಲಿ ಇನ್ನೂ ಹಲವು. ಕಯೇ ಬೆಟ್ಟಗಳಲ್ಲಿ ಒಂದು ಚಿನ್ನದ ಬಣ್ಣದ ಕೋಕೀ ಇತ್ತು. ಎರಡು ಸೆಂಟಿಮೀಟರು. ಅನಾನಸಿನ ಜಾತಿಗೆ ಸೇರಿದ, ಮರದ ಮೇಲೆ ಬೆಳೆಯುವ ಗಿಡಗಳ ಎಲೆತೊಟ್ಟಿಯಲ್ಲಿ ವಾಸ. ಅದು ಮೊಟ್ಟೆಯನ್ನೇ ಇಡುತ್ತಿರಲಿಲ್ಲ, ನೇರವಾಗಿ ಮರಿ ಹಾಕುತ್ತಿತ್ತು. 1976ರಲ್ಲಿ ಹೆಸರಿಟ್ಟರು. 1981ರ ಮೇಲೆ ಯಾರೂ ಕಂಡಿಲ್ಲ. ಹೊಳೆಯ ಬದಿಯಲ್ಲಿದ್ದ ಜಾಲಪಾದದ ಕೋಕೀಯೂ 1970ರ ದಶಕದಿಂದೀಚೆ ಕಾಣುತ್ತಿಲ್ಲ. ಪ್ರಪಂಚದಾದ್ಯಂತ ಕಪ್ಪೆಗಳನ್ನು ಕೊಲ್ಲುತ್ತಿರುವ ಕೈಟ್ರಿಡ್ ಅನ್ನುವ ಬೂಷ್ಟು ರೋಗ, ಮತ್ತು ಮಳೆ ಕೈಕೊಡುವ ದಿನಗಳು, ಎರಡೂ ಸೇರಿ ಈ ಕೆಲಸ ಮಾಡಿರಬೇಕು ಅಂತ ಪೆಟ್ರೀಷಿಯಾ ಬರೋವ್ಸ್ ಮತ್ತು ರಾಫೆಲ್ ಹೊಗ್ಲಾರ್ 2004ರಲ್ಲಿ ತಮ್ಮ ಜೊತೆಗಾರರೊಂದಿಗೆ ಬರೆದರು. ಒಣ ದಿನಗಳಲ್ಲಿ ಕಪ್ಪೆಗಳೆಲ್ಲ ಉಳಿದಿರುವ ಕೆಲವೇ ತೇವದ ಸಂದುಗಳಲ್ಲಿ ಒತ್ತೊತ್ತಾಗಿ ಕೂರುತ್ತವೆ, ರೋಗ ಒಂದರಿಂದ ಒಂದಕ್ಕೆ ದಾಟುತ್ತದೆ. ಆ ಬೂಷ್ಟು ನಮ್ಮ ಕೋಕೀಯ ಮೈಮೇಲೂ ಇದೆ. ಅದು ಹೇಗೋ ಹೊತ್ತುಕೊಂಡು ಬದುಕುತ್ತಿದೆ.

ಕೊನೆಯದಾಗಿ ಇನ್ನೊಂದು ಕಪ್ಪೆ. 2005ರಲ್ಲಿ ಟೋವಾ ಬಾಹಾ ಅನ್ನುವ ಕಡೆ, ಕರಾವಳಿಯ ಒಂದು ಜೌಗಿನಲ್ಲಿ, ನೆಫ್ತಾಲಿ ರಿಯೊಸ್-ಲೋಪೆಸ್ ಎಂಬ ಜೀವವಿಜ್ಞಾನಿಗೆ ಗುರುತಿಲ್ಲದ ಸದ್ದೊಂದು ಕೇಳಿತು. ರಾಜಧಾನಿ ಸಾನ್ ಹ್ವಾನ್‌ನಿಂದ ಹೆಚ್ಚು ದೂರವೂ ಅಲ್ಲ. ಹುಡುಕಿದರೆ ಒಂದೂವರೆ ಸೆಂಟಿಮೀಟರಿನ ಕಪ್ಪೆ. ಜನವಸತಿಯ ಪಕ್ಕದಲ್ಲೇ ಇದ್ದರೂ ಅದಕ್ಕೆ ಅಲ್ಲಿಯವರೆಗೆ ಹೆಸರಿರಲಿಲ್ಲ. 2007ರಲ್ಲಿ ಹೆಸರು ಬಂತು, 2012ರಲ್ಲಿ ಅಮೆರಿಕ ಸರ್ಕಾರ ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಬಯಲಿನ ಕೋಕೀ ಅನ್ನುತ್ತಾರೆ. ಇದರ ಕೂಗು 7000 ಹರ್ಟ್ಸ್‌ಗೂ ಮೇಲೆ. ವಯಸ್ಸಾದಂತೆ ನಮ್ಮ ಕಿವಿ ಮೊದಲು ಕಳೆದುಕೊಳ್ಳುವುದು ಆ ಎತ್ತರದ ಸದ್ದುಗಳನ್ನೇ.

ಅದರ ಧ್ವನಿಮುದ್ರಣವನ್ನೂ ತಂದಿದ್ದೇನೆ, ಕೇಳಿ ಮುಗಿಸೋಣ ಅಂತ ಹೇಳಿ ಸ್ಪೀಕರಿಗೆ ಫೋನು ಜೋಡಿಸಿದೆ. ಫ್ಯಾನು ಮತ್ತೆ ಆರಿಸಿದರು. ಕೇಳಿದವರು ಕೈ ಎತ್ತಿ ಅಂದೆ. ಮಕ್ಕಳ ಸಾಲಿನಲ್ಲಿ ಕೈಗಳು ಒಟ್ಟಿಗೇ ಎದ್ದವು. ಹೆಂಗಸರ ಕಡೆ ಒಂದಷ್ಟು. ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕೂತಿದ್ದ ಹಿರಿಯರೊಬ್ಬರು ಸ್ವಲ್ಪ ಹೊತ್ತು ಕಾದು, ‘ಹಾಕಿ ಅಮ್ಮಾ, ಶುರು ಮಾಡಿ’ ಅಂದರು. ಪಕ್ಕದಲ್ಲಿ ಕೂತಿದ್ದ ಮೊಮ್ಮಗಳು ಎತ್ತಿದ ಕೈ ಇಳಿಸದೆ ಅವರ ಕಿವಿಯ ಹತ್ತಿರ ಬಗ್ಗಿ, ‘ಅಜ್ಜಾ, ಆಗಿಂದ ಕೂಗ್ತಾನೇ ಇದೆ’ ಅಂದಳು.